ಲೀಫ್‌ಲೆಟ್: ಹಾಕುವುದು ಸುಲಭ, ಕೆಟ್ಟರೆ ಬಾಯಿ ಬಿಡದು

ವೆಬ್‌ಸೈಟ್‌ನಲ್ಲಿ ನಕ್ಷೆ ಕೂರಿಸಿ ಅದರ ಮೇಲೆ ನಾಲ್ಕು ಗುರುತು ಹಾಕಬೇಕೆಂದರೆ ಲೀಫ್‌ಲೆಟ್ ಧಾರಾಳವಾಗಿ ಸಾಕು. 2011ರಿಂದ ಇರುವ ಮುಕ್ತ ಜಾವಾಸ್ಕ್ರಿಪ್ಟ್ ಲೈಬ್ರರಿ (ಸಿದ್ಧ ಕೋಡ್‌ನ ಕಟ್ಟು), ಕುಗ್ಗಿಸಿದ ಮೇಲೆ ಸ್ಕ್ರಿಪ್ಟಿನ ತೂಕ ಸುಮಾರು 42 ಕೆಬಿ. ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ಮೊದಲು, ಸ್ಕ್ರಿಪ್ಟ್ ಆಮೇಲೆ, ನಕ್ಷೆ ಕೂರಲು ಒಂದು ಡಿವ್ (ಪುಟದೊಳಗಿನ ಪೆಟ್ಟಿಗೆ), ನಾಲ್ಕೈದು ಸಾಲು ಕೋಡ್. ತಕರಾರು ಒಂದೇ: ತಪ್ಪಾದಾಗ ಬಹಳ ಸಲ ಸುಮ್ಮನಿದ್ದುಬಿಡುತ್ತದೆ. ಪುಟ ಖಾಲಿ, ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲೂ ಖಾಲಿ.

ಇದಕ್ಕೆ ಸಾಮಾನ್ಯ ಕಾರಣ ಎತ್ತರ. ಒಳಗೇನೂ ಇಲ್ಲದ ಡಿವ್‌ನ ಎತ್ತರ ಸೊನ್ನೆ. ನೇರವಾಗಿ 400 ಪಿಕ್ಸೆಲ್ ಎಂದು ಕೊಡಿ. ಶೇ 100 ಎಂದು ಬರೆದು ಹೊರಗಿನ ಡಿವ್‌ಗೆ ಎತ್ತರ ಕೊಡದಿದ್ದರೆ ಮತ್ತೆ ಸೊನ್ನೆಯೇ. ನಕ್ಷೆಯನ್ನು ಕಟ್ಟುವ ಚಿತ್ರದ ಚೌಕಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಸಿಎಸ್‌ಎಸ್ ಬಂದೇ ಇಲ್ಲ ಎಂದರ್ಥ. ಫೈಲನ್ನು ಒದಗಿಸುವ ಹೊರಗಿನ ಸರ್ವರಿನ (ಸಿಡಿಎನ್) ವಿಳಾಸದಲ್ಲಿ ಆವೃತ್ತಿ ಬದಲಿಸಿ, ಫೈಲ್ ಅಸಲಿಯೇ ಎಂದು ತಾಳೆ ನೋಡುವ ಇಂಟೆಗ್ರಿಟಿ ಹ್ಯಾಶ್ ಹಳೆಯದನ್ನೇ ಉಳಿಸಿದರೂ ಹೀಗಾಗುತ್ತದೆ. ಪುಣ್ಯಕ್ಕೆ ಅದನ್ನು ಬ್ರೌಸರ್ ಕನ್ಸೋಲಿನಲ್ಲಿ ಹೇಳುತ್ತದೆ.

ಹೆಚ್ಚು ಸತಾಯಿಸುವುದು ಟ್ಯಾಬ್ ಅಥವಾ ಪಾಪ್‌ಅಪ್ ಒಳಗಿನ ನಕ್ಷೆ. ಎಡ ಮೇಲ್ಮೂಲೆಯಲ್ಲಿ ಒಂದೆರಡು ಚೌಕ, ಉಳಿದದ್ದೆಲ್ಲ ಬೂದು. ಲೀಫ್‌ಲೆಟ್ ಡಿವ್‌ನ ಗಾತ್ರವನ್ನು ಒಮ್ಮೆ ಅಳೆದು ನೆನಪಿಟ್ಟುಕೊಳ್ಳುತ್ತದೆ; ಅಳೆದಾಗ ಟ್ಯಾಬ್ ಮುಚ್ಚಿದ್ದರೆ ಸಿಕ್ಕಿದ್ದು ಸೊನ್ನೆ. ಬ್ರೌಸರ್ ಕಿಟಕಿಯನ್ನು ಸ್ವಲ್ಪ ಎಳೆದು ನೋಡಿ, ನಕ್ಷೆ ತುಂಬಿಕೊಂಡರೆ ರೋಗ ಇದೇ. ಟ್ಯಾಬ್ ತೆರೆದ ನಂತರ, ಗಾತ್ರವನ್ನು ಮತ್ತೆ ಅಳೆಯಿಸುವ ಇನ್‌ವ್ಯಾಲಿಡೇಟ್‌ಸೈಜ್ (invalidateSize) ಕರೆಯಿರಿ. ತೆರೆಯುವಾಗ ಅನಿಮೇಷನ್ ಇದ್ದರೆ ಅದು ಮುಗಿಯುವವರೆಗೆ ಕಾಯಿರಿ, ಇಲ್ಲದಿದ್ದರೆ ಅರ್ಧ ತೆರೆದ ಗಾತ್ರವನ್ನೇ ಅಳೆದುಕೊಂಡು ಕೂರುತ್ತದೆ.

ಕೋಡ್ ಫೈಲುಗಳನ್ನು ಒಟ್ಟಿಗೆ ಕಟ್ಟುವ ವೆಬ್‌ಪ್ಯಾಕ್‌ನಂಥ ಬಂಡ್ಲರ್ ಬಳಸಿದರೆ ಗುರುತಿನ ಜಾಗದಲ್ಲಿ ಒಡೆದ ಚಿತ್ರ ಕಾಣಬಹುದು. ಐಕಾನ್‌ಗಳ ದಾರಿಯನ್ನು ಲೀಫ್‌ಲೆಟ್ ಸಿಎಸ್‌ಎಸ್‌ನಿಂದ ಊಹಿಸುತ್ತದೆ, ಬಂಡ್ಲರ್ ಆ ದಾರಿಯನ್ನೇ ಬದಲಿಸಿರುತ್ತದೆ. ಸಾಮಾನ್ಯ ಐಕಾನ್, ದುಪ್ಪಟ್ಟು ಗಾತ್ರದ್ದು, ನೆರಳು, ಈ ಮೂರು ಚಿತ್ರಗಳನ್ನು ಇಂಪೋರ್ಟ್ ಮಾಡಿ ನಿಮ್ಮದೇ ಐಕಾನ್ ಕಟ್ಟಿಕೊಡುವುದು ನೆಮ್ಮದಿ.

ಇನ್ನೊಂದು ಮೌನದ ತಪ್ಪು: ಲೀಫ್‌ಲೆಟ್‌ಗೆ ಅಕ್ಷಾಂಶ ಮೊದಲು, ಸ್ಥಳಗಳ ಮಾಹಿತಿ ಬರೆದಿಡುವ ಜಿಯೋಜೇಸನ್ ಮಾದರಿಗೆ ರೇಖಾಂಶ ಮೊದಲು. ಪ್ಯಾರಿಸ್‌ನ 48.85, 2.35 ತಿರುಗಿದರೆ ಗುರುತು ಸೊಮಾಲಿಯಾದಾಚೆ ಸಮುದ್ರದಲ್ಲಿ ತೇಲುತ್ತದೆ.

ಸದ್ಯಕ್ಕೆ 1.9.4 ಆವೃತ್ತಿಯೇ ವಾಸಿ. 2.0ರ ಆಲ್ಫಾ (ಪರೀಕ್ಷಾ ಆವೃತ್ತಿ) ಕೋಡ್ ಬರೆಯುವ ರೀತಿಯನ್ನೇ ಬದಲಿಸಿರುವುದರಿಂದ ಹಳೆಯ ಪ್ಲಗಿನ್‌ಗಳು ಕೈಕೊಡುತ್ತವೆ.

ನಕ್ಷೆಯ ಚಿತ್ರಗಳು ಲೀಫ್‌ಲೆಟ್‌ನವಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಜನರೇ ಕಟ್ಟಿದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸರ್ವರ್ ಉಚಿತ, ಆದರೆ ಷರತ್ತುಗಳಿವೆ. ಮೂಲೆಯಲ್ಲಿ ಅವರ ಹೆಸರು ಕಾಣಬೇಕು, ಬ್ರೌಸರ್ ರೆಫರರ್ (ಕೋರಿಕೆ ಯಾವ ಸೈಟಿನಿಂದ ಬಂತು ಎಂಬ ಮಾಹಿತಿ) ಕಳಿಸಬೇಕು. ನಿಮ್ಮ ಸೈಟಿನ ರೆಫರರ್ ಪಾಲಿಸಿ ಅದನ್ನು ಪೂರ್ತಿ ಮುಚ್ಚಿಟ್ಟಿದ್ದರೆ ಚೌಕಗಳು ಬಾರದಿರಬಹುದು. ಬ್ರೌಸರಿನ ನೆಟ್‌ವರ್ಕ್ ಟ್ಯಾಬ್‌ನಲ್ಲಿ 403 (ಸರ್ವರ್ ನಿರಾಕರಿಸಿದೆ ಎಂಬ ಸಂಕೇತ) ಕಂಡರೆ ಮೊದಲು ನೋಡಬೇಕಾದದ್ದು ರೆಫರರ್ ಪಾಲಿಸಿಯ ಆ ಒಂದು ಸಾಲು.