ಕುಂಬಳೆಯ ಮಕ್ಕಳ ಫಿಸಿಯೋಥೆರಪಿ ಸೆಂಟರ್: ಜಿಬಿಎಸ್ ಆದ ಮಗುವಿಗೆ ಹೇಗಿದೆ?

ಗೀಯಾನ್-ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್ ಆದ ಮಗುವನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಅಂತ ನಮ್ಮ ಕಡೆಯವರು ಕೇಳುತ್ತಿರುತ್ತಾರೆ. ನಾವು ಹೋಗುವುದು ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯ ಸೆಂಟರಿಗೆ.

ಮಗಳಿಗೆ ಏಳು ವರ್ಷ. ವೈರಲ್ ಜ್ವರ ಬಿಟ್ಟು ಎರಡು ವಾರಕ್ಕೆ ಕಾಲಿನ ಬಲ ಹೋಯಿತು. ಮೊದಲು ಮೆಟ್ಟಿಲು ಹತ್ತಲು ಆಗಲಿಲ್ಲ, ಆಮೇಲೆ ನಿಲ್ಲಲೂ ಆಗಲಿಲ್ಲ. ರೋಗಾಣುವಿನ ಮೇಲೆ ಬೀಳಬೇಕಾದ ದೇಹದ ರಕ್ಷಣಾ ಶಕ್ತಿ ನರಗಳ ಮೇಲೆಯೇ ಬೀಳುವ ಕಾಯಿಲೆ ಇದು. ವರ್ಷಕ್ಕೆ ಲಕ್ಷದಲ್ಲಿ 1–2 ಜನರಿಗೆ ಬರುತ್ತದೆ, ಮಕ್ಕಳಲ್ಲಿ ಇನ್ನೂ ಕಡಿಮೆ. ಬಲ ಹೋಗುತ್ತಿರುವಾಗ ದಯವಿಟ್ಟು ಎಣ್ಣೆ ತಿಕ್ಕುತ್ತಾ ಕೂರಬೇಡಿ, ಉಸಿರಾಟಕ್ಕೂ ತೊಂದರೆ ಆಗಬಹುದು. ಮೊದಲು ದೊಡ್ಡ ಆಸ್ಪತ್ರೆ. ಮಂಗಳೂರಿನಲ್ಲಿ ಇವಳಿಗೆ ಐವಿಐಜಿ, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್ ಕೊಟ್ಟರು. ಪೋಲಿಯೋ ಅಲ್ಲವೆಂದು ಖಚಿತ ಮಾಡಲು ಮಲದ ಸ್ಯಾಂಪಲ್ ಎರಡು ಸಲ ತೆಗೆದರು. 15 ವರ್ಷದ ಒಳಗಿನ ಯಾವ ಮಗುವಿಗೆ ಹೀಗೆ ಹಠಾತ್ತಾಗಿ ಬಲ ಹೋದರೂ ಈ ಪರೀಕ್ಷೆ ಮಾಡುತ್ತಾರೆ, ಗಾಬರಿ ಬೇಡ.

ಇನ್ನು ಸೆಂಟರಿನ ವಿಷಯ. ಅಲ್ಲಿನ ಫಿಸಿಯೋ ಮೇಡಂ ಪಯ್ಯನ್ನೂರಿನವರು, ಮನೆಮಾತು ಮಲಯಾಳ. ಆದರೂ ಮಗಳ ಹತ್ತಿರ "ಬೇನೆ ಉಂಡಾ?" (ನೋವಿದೆಯಾ?) ಅಂತ ತುಳುವಿನಲ್ಲೇ ಕೇಳುತ್ತಾರೆ. ಅವರ ದೊಡ್ಡ ಗುಣ ಅಂದರೆ, ಮಗು ಸುಸ್ತಾಗುವ ಮೊದಲೇ ನಿಲ್ಲಿಸುವುದು. "ಇನ್ನೊಂದು ಸಲ ಮಾಡಿಸಿ" ಅಂತ ನಾನೇ ಹೇಳಿದರೂ ಒಪ್ಪುವುದಿಲ್ಲ. ನರ ಇನ್ನೂ ಚೇತರಿಸಿಕೊಳ್ಳುತ್ತಿರುವಾಗ ಜಾಸ್ತಿ ದಣಿಸಿದರೆ ಬಲ ಮತ್ತೆ ಕುಗ್ಗುತ್ತದಂತೆ. ಹಿಮ್ಮಡಿಯ ಹಿಂದಿನ ಸ್ನಾಯು ಬಿಗಿಯಾಗದ ಹಾಗೆ ಪಾದ ಎಳೆಯುವುದನ್ನು ನನ್ನ ಕೈ ಹಿಡಿದು ಕಲಿಸಿದರು. ರಾತ್ರಿ ಹಾಕುವ ಸ್ಪ್ಲಿಂಟ್ (ಪಾದ ಬಾಗದಂತೆ ಹಿಡಿಯುವ ಆಧಾರ) ಎಲ್ಲಿ ಒತ್ತುತ್ತದೆ ಅಂತ ಪ್ರತಿ ಸಲ ನೋಡುತ್ತಾರೆ. ಈಗ ಅವಳು ನೆಲದಿಂದ ಕೈ ಊರದೆ ಏಳುತ್ತಾಳೆ!

ಸರಿ ಇಲ್ಲದ್ದೂ ಇದೆ. ಸೆಂಟರ್ ಮಹಡಿಯ ಮೇಲಿದೆ, ಲಿಫ್ಟ್ ಇಲ್ಲ. ನಡೆಯಲಾಗದ ಮಕ್ಕಳು ಬರುವ ಜಾಗ ಹೀಗಿರಬಾರದು ಅಲ್ವಾ? ಮನೆಯಲ್ಲಿ ಮಾಡಿಸಬೇಕಾದ ವ್ಯಾಯಾಮದ ಹಾಳೆ ಮಲಯಾಳ, ಇಂಗ್ಲಿಷಿನಲ್ಲಿ ಮಾತ್ರ. ನಾನು ಕೆಲಸಕ್ಕೆ ಹೋದ ಮೇಲೆ ಮಾಡಿಸುವವರು ಅತ್ತೆ, ಅವರಿಗೆ ಕನ್ನಡ ಬಿಟ್ಟರೆ ಓದಲು ಬರುವುದಿಲ್ಲ. ಕಾಸರಗೋಡಿನಲ್ಲಿ ಕನ್ನಡದ ಹಾಳೆ ಕೇಳುವುದು ಹೆಚ್ಚೇನೂ ಅಲ್ಲ. ನಾನು ಬರೆದು ಕೊಟ್ಟದ್ದನ್ನು ಮೇಡಂ ತೆಗೆದಿಟ್ಟುಕೊಂಡಿದ್ದಾರೆ. ಹೋದರೆ ಕೇಳಿ ತೆಗೆದುಕೊಳ್ಳಿ.

ಶನಿವಾರ ತುಂಬಾ ರಶ್. ವಾರದ ನಡುವೆ ಬೆಳಗ್ಗೆ ಫೋನ್ ಮಾಡಿಯೇ ಹೋಗಿ.