2015ರ ಮಸ್ಟಾಂಗ್ ಜಿಟಿ: ತಿರುವಿನಲ್ಲಿ ಹೇಗಿದೆ?

ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಕೊಂಡ ಕಾರು ಇದು: 2015ರ ಫೋರ್ಡ್ ಮಸ್ಟಾಂಗ್ ಜಿಟಿ, ದೊಡ್ಡ ಬ್ರೇಕ್, ಗಟ್ಟಿ ಸಸ್ಪೆನ್ಷನ್‌ನ ಪರ್ಫಾರ್ಮೆನ್ಸ್ ಪ್ಯಾಕೇಜ್, ಕೈ ಗೇರು. ಅಮೆರಿಕದ ಕಾರು ನೇರ ರಸ್ತೆಗೆ ಮಾತ್ರ ಲಾಯಕ್ಕು ಎಂದು ಆಗ ಗೆಳೆಯರು ತಡೆದಿದ್ದರು. ಹಳೆಯ ಮಸ್ಟಾಂಗ್‌ಗಳ ಮಟ್ಟಿಗೆ ಅದರಲ್ಲಿ ಸತ್ಯವಿತ್ತು. ಬಹುಪಾಲು ಮಾದರಿಗಳಲ್ಲಿ ಹಿಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲ್‌ಗೆ ಕೂಡಿಕೊಂಡಿದ್ದವು. ತಿರುವಿನ ನಡುವೆ ಒಂದು ಚಕ್ರ ಗುಂಡಿಗಿಳಿದರೆ ಇನ್ನೊಂದರ ಹಿಡಿತವೂ ಕೆಡುತ್ತಿತ್ತು. 2015ರಲ್ಲಿ ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಷನ್ ಬಂತು.

ಭಾನುವಾರ ಬೆಳಿಗ್ಗೆ ನನ್ನ ದಾರಿ ಸ್ಕೈಲೈನ್ ಬುಲೆವಾರ್ಡ್, ಅಲ್ಲಿಂದ ಲಾ ಹೊಂಡಾಕ್ಕೆ ಇಳಿಯುವ 84ನೇ ಹೆದ್ದಾರಿ. ರೆಡ್‌ವುಡ್ ಮರಗಳಿಂದ ಮಂಜಿನ ಹನಿ ತೊಟ್ಟಿಕ್ಕಿ ರಸ್ತೆ ಅಲ್ಲಲ್ಲಿ ಒದ್ದೆ. ಚಾರ್ಮಾಡಿ ಘಾಟಿಯಲ್ಲಿ ಪಳಗಿದ ಕೈಗೆ ತಿರುವು ಹೊಸದಲ್ಲ, ಈ ಗಾತ್ರ ಹೊಸದು. ಸುಮಾರು 1,680 ಕಿಲೋ ತೂಕ, 1.9 ಮೀಟರ್ ಅಗಲ. ಎಡ, ಬಲ ತಿರುವುಗಳು ಬೆನ್ನುಬೆನ್ನಿಗೆ ಬಂದಾಗ ಆ ಭಾರ ಪಕ್ಕ ಬದಲಿಸುವುದು ಸೊಂಟಕ್ಕೆ ತಿಳಿಯುತ್ತದೆ. ಅವಸರ ಮಾಡಿದರೆ ಮುಂದಿನ ಟೈರುಗಳು ಕಿರುಚಿ ಕಾರು ಹೊರಕ್ಕೆ ಸರಿಯುತ್ತದೆ. ಬೇಗ ಬ್ರೇಕ್ ಹಿಡಿದು, ನಿಧಾನವಾಗಿ ಒಳಹೊಕ್ಕು, ಸ್ಟೀರಿಂಗ್ ನೆಟ್ಟಗಾಗುತ್ತಿದ್ದಂತೆ ಆಕ್ಸಿಲರೇಟರ್ ಒತ್ತಬೇಕು. ಆಗ 5.0 ಲೀಟರ್ ವಿ8 ಮೂರನೇ ಗೇರಿನಲ್ಲೇ ಎಳೆದುಕೊಂಡು ಹೊರಬರುವ ಪರಿಗೆ ನಾನು ಇಂದಿಗೂ ಮನಸೋಲುತ್ತೇನೆ.

ವರ್ಷಕ್ಕೆರಡು ಸಲ ಲಗೂನಾ ಸೆಕಾ ರೇಸ್ ಟ್ರ್ಯಾಕ್‌ಗೆ ಹೋಗುತ್ತೇನೆ. 3.6 ಕಿಲೋಮೀಟರ್, 11 ತಿರುವು. ಕಾರ್ಕ್‌ಸ್ಕ್ರೂ ಎಂಬ ಜೋಡಿ ತಿರುವಿಗೆ ಮುನ್ನ ಏರು ಹತ್ತುವಾಗ ರಸ್ತೆಯ ತುದಿಯಲ್ಲಿ ಕಾಣುವುದು ಆಕಾಶ, ಮರ, ಅಷ್ಟೇ. ಎಡಕ್ಕೆ ತಿರುಗಿದೆವು ಎನ್ನುವಷ್ಟರಲ್ಲಿ ಬಲ. ನೆಲ ಸುಮಾರು 18 ಮೀಟರ್ ಕೆಳಗಿಳಿದಿರುತ್ತದೆ. ಅಲ್ಲಿಯೂ ಹಿಂಭಾಗ ಜಿಗಿಯದೆ ನೆಲ ಕಚ್ಚಿ ಕೂರುತ್ತದೆ.

ಮೊದಲ ಬೇಸಿಗೆಯಲ್ಲಿ ಅಲ್ಲಿಯೇ ಬ್ರೇಕ್ ಪೆಡಲ್ ಸ್ಪಂಜಿನಂತೆ ಕುಸಿದಿತ್ತು. ಹಳೆಯ ಬ್ರೇಕ್ ಎಣ್ಣೆಯನ್ನು ಬದಲಿಸದೆ ಹೋದದ್ದು ನನ್ನ ತಪ್ಪು. ಶಾಖಕ್ಕೆ ಅದು ಕುದಿದಿತ್ತು. ಹೆಚ್ಚು ಶಾಖ ತಾಳುವ ಎಣ್ಣೆ, ಟ್ರ್ಯಾಕ್‌ಗೆ ತಕ್ಕ ಬ್ರೇಕ್ ಪ್ಯಾಡ್ ಹಾಕಿದ ಮೇಲೆ ಮುಂದಿನ 380 ಮಿಲಿಮೀಟರ್ ಡಿಸ್ಕ್‌ಗಳು ಒಮ್ಮೆಯೂ ಕೈಕೊಟ್ಟಿಲ್ಲ. ಮೊದಲು ಬ್ರೇಕಿಗೆ ಹಣ ಹಾಕಿ, ಎಂಜಿನ್‌ನ ಶಕ್ತಿ ಹೆಚ್ಚಿಸಲು ಅಲ್ಲ.

ಟ್ರ್ಯಾಕ್‌ಗೆಂದೇ ಕಾರು ಬೇಕಿದ್ದರೆ ಷೆವರ್ಲೆ ಕ್ಯಾಮರೊ ಎಸ್‌ಎಸ್ 1ಎಲ್‌ಇ ನೋಡಿ; ತಿರುವಿಗೆ ಇನ್ನೂ ಚುರುಕಾಗಿ ಇಳಿಯುತ್ತದೆ. ನಾನು ಟ್ರ್ಯಾಕ್ ಮುಗಿಸಿ ಇದೇ ಕಾರಿನಲ್ಲಿ ಮನೆಗೆ ಬರಬೇಕು, ಸೋಮವಾರ ಮಗಳನ್ನು ಶಾಲೆಗೆ ಬಿಡಬೇಕು.