ಮಂಚದ ಬದಿಗೆ ಕೂಸಿನ ಮಂಚ: ಎರಡು ಮನೆಗಳಲ್ಲಿ ಐದೂವರೆ ತಿಂಗಳು

ದೊಡ್ಡವರ ಮಂಚಕ್ಕೆ ತಾಗಿಸಿ ನಿಲ್ಲಿಸುವ, ಒಂದು ಬದಿಯನ್ನು ಇಳಿಸಬಹುದಾದ ಕೂಸಿನ ಮಂಚಕ್ಕೆ ಅಂಗಡಿಗಳಲ್ಲಿ ಬೆಡ್‌ಸೈಡ್ ಕಾಟ್ ಎನ್ನುತ್ತಾರೆ. ಇದನ್ನು ಕೊಳ್ಳಬೇಕೆಂದಿರುವವರು ಅಂಗಡಿಗೆ ಹೋಗುವ ಮುನ್ನ ತಾವು ಮಲಗುವ ಮಂಚದ ಕೆಳಗೆ ಟೇಪು ಹಿಡಿದು ನೋಡಬೇಕು ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು. ಬಾಣಂತನಕ್ಕೆ ಧಾರವಾಡದ ತವರಿಗೆ ಹೋಗಿದ್ದಾಗ ಅಲ್ಲಿ ಕೊಂಡ ಕಾಟನ್ನು ಮೂರು ತಿಂಗಳು ಅದೇ ಮನೆಯಲ್ಲಿ, ಆಮೇಲೆ ಎರಡೂವರೆ ತಿಂಗಳು ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಬಳಸಿದೆ. ಒಂದೇ ವಸ್ತು ಮೊದಲ ಮನೆಯಲ್ಲಿ ನನ್ನ ರಾತ್ರಿಗಳನ್ನು ಕಾಪಾಡಿತು, ಎರಡನೆಯ ಮನೆಯಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬಂತು. ಈ ವ್ಯತ್ಯಾಸಕ್ಕೆ ಕಾರಣ ಮಂಚ.

ಕಾಟ್ ಕೊಳ್ಳುವ ಯೋಚನೆ ಬಂದದ್ದು ವೈದ್ಯರ ಮಾತಿನಿಂದ. ಕೂಸು ತಾಯಿಯ ಕೋಣೆಯಲ್ಲೇ, ಕೈಗೆಟಕುವಷ್ಟು ಹತ್ತಿರ ಮಲಗಲಿ, ಆದರೆ ಅದರ ಹಾಸಿಗೆ ಬೇರೆಯಾಗಿರಲಿ ಎಂದು ಅವರು ಏಳನೆಯ ತಿಂಗಳಲ್ಲೇ ಹೇಳಿದ್ದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸಲಹೆಯೂ ಇದೇ: ಕನಿಷ್ಠ ಮೊದಲ ಆರು ತಿಂಗಳು ಒಂದೇ ಕೋಣೆ, ಪ್ರತ್ಯೇಕ ಹಾಸಿಗೆ, ಗಟ್ಟಿಯಾದ ಸಮತಟ್ಟು ಗಾದಿ, ಅಂಗಾತ ಮಲಗಿಸುವುದು. ನನಗೆ ಸಿಸೇರಿಯನ್ ಆದದ್ದರಿಂದ ಈ ಹತ್ತಿರದ ಬೆಲೆ ಇನ್ನೂ ಚೆನ್ನಾಗಿ ತಿಳಿಯಿತು. ಹೊಲಿಗೆ ಹಸಿಯಾಗಿರುವಾಗ ಮಂಚದಿಂದ ಇಳಿದು, ನಿಂತು, ಬಗ್ಗಿ, ಆಳವಾದ ತೊಟ್ಟಿಲಿನಿಂದ ಕೂಸನ್ನು ಎತ್ತುವುದು ಎಷ್ಟು ನೋವಿನ ಕೆಲಸ ಎಂಬುದು ಹಾಗೆ ಎತ್ತಿದವರಿಗೇ ಗೊತ್ತು. ಅದನ್ನು ರಾತ್ರಿಗೆ ನಾಲ್ಕು ಸಲ ಮಾಡಬೇಕು.

ನಾವು ಕೊಂಡದ್ದು ಅಲ್ಯುಮಿನಿಯಂ ಕೊಳವೆಗಳ ಚೌಕಟ್ಟು, ಮೂರು ಬದಿಗೆ ಗಾಳಿಯಾಡುವ ಜಾಲರಿ, ನಾಲ್ಕನೆಯ ಬದಿಗೆ ಜಿಪ್ ಇರುವ ಮಾದರಿ. ಬೆಲೆ 9,800 ರೂಪಾಯಿ ಬಿತ್ತು. ಒಳಗಿನ ಗಾದಿ 83 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ. ಕೂಸಿನ ತೂಕ 9 ಕೆ.ಜಿ. ಆಗುವವರೆಗೆ, ಅಥವಾ ಅದು ಅಂಗೈ-ಮಂಡಿಯೂರಿ ಮೇಲೇಳಲು ತೊಡಗುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಬಳಸಬೇಕೆಂದು ಕೈಪಿಡಿಯಲ್ಲಿ ಬರೆದಿದೆ. ಕಾಟಿನ ಎರಡು ಪಾದಗಳು ದೊಡ್ಡ ಮಂಚದ ಕೆಳಗೆ ಸುಮಾರು 30 ಸೆಂ.ಮೀ. ತೂರಿಕೊಳ್ಳುತ್ತವೆ. ಆ ಪಾದಗಳ ಎತ್ತರ 7 ಸೆಂ.ಮೀ. ಎರಡು ಉದ್ದನೆಯ ಪಟ್ಟಿಗಳನ್ನು ದೊಡ್ಡ ಗಾದಿಯ ಕೆಳಗಿನಿಂದ ಆಚೆ ಬದಿಗೆ ಒಯ್ದು, ಮಂಚಕ್ಕೆ ಬಿಗಿದು, ಬಕಲ್ ಹಾಕಿ ಎಳೆದರೆ ಕಾಟು ಮಂಚಕ್ಕೆ ಅಂಟಿಕೊಂಡು ನಿಲ್ಲಬೇಕು.

ಧಾರವಾಡದ ಮನೆಯಲ್ಲಿ ಅದು ಹಾಗೆಯೇ ನಿಂತಿತು. ಅಲ್ಲಿಯದು ಅಜ್ಜನ ಕಾಲದ ಸಾಗವಾನಿ ಮಂಚ. ನಾಲ್ಕು ಕಾಲುಗಳ ಮೇಲೆ ನಿಂತಿರುವ ಅದರ ಕೆಳಗೆ 24 ಸೆಂ.ಮೀ. ತೆರವು ಜಾಗವಿದೆ, ಹತ್ತಿಯ ಗಾದಿ ಮಂಚದ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಅಪ್ಪ ಮತ್ತು ನನ್ನ ಯಜಮಾನರು ಸೇರಿ ಮುಕ್ಕಾಲು ಗಂಟೆಯಲ್ಲಿ ಜೋಡಿಸಿದರು. ಪಟ್ಟಿ ಬಿಗಿದ ಮೇಲೆ ಅಪ್ಪ ಕಾಟಿಗೂ ಗಾದಿಗೂ ನಡುವೆ ಬೆರಳು ತೂರಿಸಲು ನೋಡಿದರು, ಕಿರುಬೆರಳೂ ಹೋಗಲಿಲ್ಲ. ಕೂಸು ಬರುವ ಮುನ್ನ ಒಂದು ವಾರ ಅದನ್ನು ಪಡಸಾಲೆಯಲ್ಲಿ ಕಿಟಕಿ ತೆರೆದಿಟ್ಟು ಗಾಳಿಗೆ ಬಿಟ್ಟಿದ್ದೆವು. ಹೊಸ ಬಟ್ಟೆ ಮತ್ತು ಅಂಟಿನ ವಾಸನೆ ಹೋಗಲು ಅಷ್ಟು ದಿನ ಬೇಕಾಯಿತು.

ರಾತ್ರಿಯ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬದಿಯನ್ನು ಇಳಿಸಿದಾಗಲೂ ನಮ್ಮ ಕಾಟಿನಲ್ಲಿ 12 ಸೆಂ.ಮೀ. ಎತ್ತರದ ತಡೆ ಉಳಿಯುತ್ತದೆ. ಇಂಥ ಕಾಟುಗಳಿಗೆ ಯುರೋಪಿನಲ್ಲಿರುವ ಇಎನ್ 1130 ಮಾನದಂಡವನ್ನು 2019ರಲ್ಲಿ ಪರಿಷ್ಕರಿಸಿದಾಗ ಕನಿಷ್ಠ ಇಷ್ಟು ತಡೆ ಇರಲೇಬೇಕೆಂದು ವಿಧಿಸಲಾಯಿತು. ಕೂಸು ಉರುಳಿ ದೊಡ್ಡವರ ಹಾಸಿಗೆಗೆ ಬರಬಾರದು, ದೊಡ್ಡವರ ರಜಾಯಿ ಜಾರಿ ಕೂಸಿನ ಮುಖದ ಮೇಲೆ ಬೀಳಬಾರದು. ದೊಡ್ಡ ಗಾದಿಯ ಮೇಲ್ಮೈ ಈ ತಡೆಯ ತುದಿಗೆ ಸಮವಾಗಿರುವಂತೆ ಕಾಟಿನ ಎತ್ತರವನ್ನು ಹೊಂದಿಸಬೇಕು. ಹೀಗಾಗಿ, ಜಾಹೀರಾತಿನ ಚಿತ್ರಗಳಲ್ಲಿ ಕಾಣುವಂತೆ ಕೂಸನ್ನು ಮಲಗಿದಲ್ಲಿಂದಲೇ ಹತ್ತಿರಕ್ಕೆ ಎಳೆದುಕೊಳ್ಳಲು ಆಗುವುದಿಲ್ಲ. ಎದ್ದು ಕುಳಿತು, ಪಕ್ಕಕ್ಕೆ ತಿರುಗಿ, ಎರಡೂ ಕೈ ಕೊಟ್ಟು ಎತ್ತಬೇಕು. ಆದರೆ ಕಾಲು ನೆಲಕ್ಕೆ ಇಡಬೇಕಾಗಿಲ್ಲ, ಬಗ್ಗಬೇಕಾಗಿಲ್ಲ. ಹಾಲು ಕುಡಿಸಿ, ತೇಗಿಸಿ, ಮತ್ತೆ ಅಂಗಾತ ಮಲಗಿಸಿದ ಮೇಲೆ ಕತ್ತಲಲ್ಲಿ ಕೈ ಚಾಚಿ ಅದರ ಎದೆಯ ಮೇಲೆ ಎರಡು ಬೆರಳಿಟ್ಟರೆ ಉಸಿರು ಏರಿಳಿಯುವುದು ತಿಳಿಯುತ್ತಿತ್ತು. ಮೊದಲ ಹತ್ತು ದಿನ ನಾನು ನಿದ್ದೆ ಮಾಡಿದ್ದೇ ಹೀಗೆ ಬೆರಳಿಟ್ಟುಕೊಂಡು. ಆ ಹತ್ತು ದಿನಗಳಿಗಾಗಿಯೇ ಕೊಟ್ಟ ಹಣ ಸಾರ್ಥಕವೆಂದು ನನಗನ್ನಿಸುತ್ತದೆ.

ಗಾದಿಯ ವಿಷಯದಲ್ಲಿ ಮನೆಯಲ್ಲಿ ಮಾತು ಬೆಳೆಯಿತು. ಅವ್ವ ಅಂಗೈಯಿಂದ ಒತ್ತಿ ನೋಡಿ, "ಇಷ್ಟು ಬಿರಸು ಗಾದಿ ಮ್ಯಾಲ ಎಳೀ ಕೂಸು ಹ್ಯಾಂಗ ಮಲಗತದ? ಕೆಳಗೊಂದು ಕೌದಿ ಹಾಸು" ಎಂದಳು. ಕೂಸಿಗಾಗಿ ಹಳೆಯ ಸೀರೆಗಳ ತುಂಡು ಸೇರಿಸಿ ಅವಳೇ ಹೊಲಿದ ಕೌದಿ ಅದು, ಜೊತೆಗೆ ತಲೆ ದುಂಡಗಾಗಲೆಂದು ಸಾಸಿವೆ ದಿಂಬನ್ನೂ ಮಾಡಿಟ್ಟಿದ್ದಳು. ಎರಡನ್ನೂ ಕಾಟಿನೊಳಗೆ ಇಡದಿರಲು ಅವಳನ್ನು ಒಪ್ಪಿಸುವುದು ನನಗೆ ಸುಲಭವಾಗಿರಲಿಲ್ಲ. ಮೆತ್ತನೆಯ ಹಾಸಿಗೆಯಲ್ಲಿ ಕೂಸು ಮಗ್ಗುಲಾಗಿ ಮುಖ ಹೂತರೆ ತಾನಾಗಿ ತಲೆಯೆತ್ತುವ ಶಕ್ತಿ ಅದಕ್ಕಿರುವುದಿಲ್ಲ ಎಂದು ವೈದ್ಯರು ಅವಳ ಎದುರಿಗೇ ವಿವರಿಸಿದ ಮೇಲೆ ಒಪ್ಪಿದಳು. ಕೌದಿ ಹಗಲಿನಲ್ಲಿ ಅವಳ ಮಡಿಲಿನಲ್ಲಿ ಉಪಯೋಗಕ್ಕೆ ಬಂತು. ತಲೆಯ ಆಕಾರಕ್ಕೆ, ಮಲಗಿಸುವಾಗ ಒಂದು ದಿನ ಬಲಕ್ಕೆ ಒಂದು ದಿನ ಎಡಕ್ಕೆ ಮುಖ ತಿರುಗಿಸುವುದು, ಎಚ್ಚರವಿದ್ದಾಗ ನಮ್ಮ ಕಣ್ಣೆದುರು ಸ್ವಲ್ಪ ಹೊತ್ತು ಬೋರಲು ಹಾಕುವುದು, ಇಷ್ಟೇ ಸಾಕಾಯಿತು. ಕೊಳ್ಳುವವರು ಗಾದಿಯ ನಡುವೆ ಅಂಗೈ ಒತ್ತಿ ತೆಗೆದು ನೋಡಲಿ: ಕೈಯ ಗುರುತು ಉಳಿದರೆ ಅದು ಬೇಡ.

ತಲೆಯ ಬದಿಯನ್ನು ಎತ್ತರಿಸಿ ಇಳಿಜಾರು ಮಾಡುವ ಅನುಕೂಲ ನಮ್ಮ ಕಾಟಿನಲ್ಲಿಯೂ ಇದೆ. ಹಾಲು ಕಕ್ಕುವ ಕೂಸುಗಳಿಗೆ ಇದು ಒಳ್ಳೆಯದೆಂದು ಮಾರಾಟಗಾರ ಒತ್ತಿ ಹೇಳಿದ. ನಾನು ಒಂದು ದಿನವೂ ಬಳಸಲಿಲ್ಲ, ಇನ್ನೊಬ್ಬರಿಗೂ ಬಳಸಿರೆಂದು ಹೇಳಲಾರೆ. ಎಳೆಗೂಸಿನ ತಲೆ ಭಾರ, ಕತ್ತಿಗೆ ಬಲವಿಲ್ಲ. ಇಳಿಜಾರಿನಲ್ಲಿ ಗದ್ದ ಎದೆಗೆ ತಾಗಿ ಉಸಿರಿನ ದಾರಿ ಕಿರಿದಾಗುತ್ತದೆ. 2019ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ, ಕೂಸುಗಳ ಸಾವಿನ ವರದಿಗಳ ನಂತರ, ಒಂದೇ ಮಾದರಿಯ ಸುಮಾರು 47 ಲಕ್ಷ ಇಳಿಜಾರು ತೊಟ್ಟಿಲುಗಳನ್ನು ಹಿಂಪಡೆಯಬೇಕಾಯಿತು. 2022ರಲ್ಲಿ ಅಲ್ಲಿ ಬಂದ ಕಾನೂನು 10 ಡಿಗ್ರಿಗಿಂತ ಹೆಚ್ಚು ಇಳಿಜಾರಿನ ಮಲಗುವ ಸಾಧನಗಳನ್ನೂ, ಕಾಟಿನ ಒಳಬದಿಗೆ ಕಟ್ಟುವ ಮೆತ್ತೆಗಳನ್ನೂ ನಿಷೇಧಿಸಿತು. ಆ ಮೆತ್ತೆಗಳನ್ನು ನಮ್ಮ ಅಂಗಡಿಯಲ್ಲಿ ಕಾಟಿನ ಜೊತೆಗೆ ಉಡುಗೊರೆಯೆಂದು ಕೊಡಲು ಬಂದಿದ್ದರು. ಬೇಡವೆಂದು ಹಿಂದಿರುಗಿಸಿದೆ.

ಸಣ್ಣ ದೋಷಗಳೂ ಇವೆ. ಜಿಪ್ಪಿನ ಸದ್ದು ಜೋರು, ನಡುರಾತ್ರಿ ಎಳೆದರೆ ಕೂಸು ಬೆಚ್ಚುತ್ತದೆ. ಚಕ್ರದ ಹತ್ತಿರದ ಒಂದು ತಿರುಪು ಮೂರನೆಯ ವಾರದಲ್ಲಿ ಸಡಿಲಾಗಿತ್ತು, ಆಮೇಲೆ ಪ್ರತಿ ಭಾನುವಾರ ಎಲ್ಲ ತಿರುಪುಗಳನ್ನೂ ಬಿಗಿ ಮಾಡುವುದು ಅಪ್ಪನ ಕೆಲಸವಾಯಿತು. ಗಾದಿಗೆ ಒಂದೇ ಹೊದಿಕೆ ಕೊಟ್ಟಿದ್ದಾರೆ. ಹಾಲು ಕಕ್ಕುವ, ಉಚ್ಚೆ ಹೊಯ್ಯುವ ಕೂಸಿಗೆ ಒಂದು ಯಾವ ಮೂಲೆಗೂ ಸಾಲದು. ಇನ್ನೆರಡು ಬೇಕೆಂದು ಕಂಪನಿಗೆ ಮೂರು ಸಲ ಬರೆದರೂ ಉತ್ತರ ಬರಲಿಲ್ಲ. ಕೊನೆಗೆ ಅಪ್ಪನ ಹಳೆಯ ಧೋತರವನ್ನು ಒಯ್ದು ದರ್ಜಿಯಿಂದ ಸುತ್ತಲೂ ಇಲ್ಯಾಸ್ಟಿಕ್ ಹಾಕಿಸಿ ಮೂರು ಹೊದಿಕೆ ಹೊಲಿಸಿಕೊಂಡೆವು. ಹೊದಿಕೆ ಎಲ್ಲಿಯೂ ಸುಕ್ಕು ಬೀಳದಂತೆ ಬಿಗಿಯಾಗಿರಬೇಕೆಂದು ಗಾದಿಯನ್ನೇ ಅಂಗಡಿಗೆ ಹೊತ್ತುಕೊಂಡು ಹೋಗಿದ್ದೆವು. ಜೊತೆಗೆ ಬಂದ ಸೊಳ್ಳೆ ಪರದೆ ಬದಿಯನ್ನು ಏರಿಸಿ ಮುಚ್ಚಿದಾಗ ಮಾತ್ರ ಕೂರುತ್ತದೆ. ಧಾರವಾಡದ ಮಳೆಗಾಲದಲ್ಲಿ ಪರದೆಯಿಲ್ಲದೆ ಮಲಗುವಂತಿರಲಿಲ್ಲವಾದ್ದರಿಂದ, ಮಂಚ ಮತ್ತು ಕಾಟು ಎರಡನ್ನೂ ಒಳಗೊಳ್ಳುವಂತೆ ನಾಲ್ಕು ಮೂಲೆಗೆ ಕಟ್ಟುವ ದೊಡ್ಡ ಪರದೆಯನ್ನು ಬೇರೆಯಾಗಿ ತರಬೇಕಾಯಿತು.

ಮನೆಯಲ್ಲಿ ಕಲಘಟಗಿಯ ತೊಟ್ಟಿಲಿರುವಾಗ ಇದೇಕೆ ಎಂದು ಬಂದವರೆಲ್ಲ ಕೇಳಿದರು. ಸಾಗವಾನಿಯಲ್ಲಿ ಮಾಡಿ, ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ ಬರೆದ ಆ ತೊಟ್ಟಿಲಿನಲ್ಲಿ ನನ್ನವ್ವನೂ ಮಲಗಿದ್ದಳು, ನಾನೂ ಮಲಗಿದ್ದೆ. ಹೆಸರಿಟ್ಟ ದಿನ ನನ್ನ ಮಗಳನ್ನೂ ಅದರಲ್ಲೇ ಹಾಕಿದೆವು, ಹಗಲಿನಲ್ಲಿ ಅವ್ವ ಪಕ್ಕದಲ್ಲಿ ಕುಳಿತು ತೂಗುವಾಗ ಅದಕ್ಕಿಂತ ಚೆಂದದ ಜಾಗ ಬೇರೊಂದಿಲ್ಲ. ಆದರೆ ತೊಟ್ಟಿಲಿಗೆ ತೂಗುವವರೊಬ್ಬರು ಎಚ್ಚರವಿರಬೇಕು. ಎಲ್ಲರೂ ಮಲಗಿದ ಮೇಲೆ ಬೇಕಾಗುವುದು ಅಲುಗಾಡದ ಜಾಗ.

ಮೂರು ತಿಂಗಳು ತುಂಬಿ ಬೆಂಗಳೂರಿಗೆ ಬಂದಾಗ ತೊಂದರೆ ಶುರುವಾಯಿತು. ಫ್ಲ್ಯಾಟಿನಲ್ಲಿರುವುದು ಕೆಳಗೆಲ್ಲ ಪೆಟ್ಟಿಗೆಯಿರುವ ಸ್ಟೋರೇಜ್ ಮಂಚ. ಅದು ನೆಲಕ್ಕೆ ಕೂತಿರುವುದರಿಂದ ಕಾಟಿನ ಪಾದ ತೂರಲು ಒಂದು ಸೆಂ.ಮೀ. ಕೂಡ ಜಾಗವಿಲ್ಲ. ಪಾದಗಳನ್ನು ಒಳಕ್ಕೆ ಮಡಚುವ ಅವಕಾಶ ಇತ್ತೆಂದು ಮಡಚಿದೆವು. ಆಗ ಎದುರಾದದ್ದು ಮಂಚದ ಅಂಚು: ಗಾದಿಯ ಸುತ್ತ 5 ಸೆಂ.ಮೀ. ಅಗಲದ ಮರದ ಪಟ್ಟಿ ಇರುವುದರಿಂದ, ಕಾಟು ಮಂಚಕ್ಕೆ ಒತ್ತಿ ನಿಂತರೂ ಗಾದಿಗೂ ಅದಕ್ಕೂ ನಡುವೆ ಅಷ್ಟೇ ಅಗಲದ ಕಂದರ ಉಳಿಯಿತು. ಗಾದಿಯನ್ನು ಕಾಟಿನ ಕಡೆಗೆ ತಳ್ಳಿದರೆ ಎರಡು ರಾತ್ರಿಯಲ್ಲಿ ಅದು ಹಿಂದೆ ಸರಿಯುತ್ತಿತ್ತು. ಎಂಟಿಂಚಿನ ಫೋಮ್ ಗಾದಿಯಾದ್ದರಿಂದ ನಾನು ಅಂಚಿನಲ್ಲಿ ಕುಳಿತಾಗಲೆಲ್ಲ ಅದು ಕುಗ್ಗಿ, ಲೆಕ್ಕ ಹಾಕಿ ಹೊಂದಿಸಿದ್ದ ಎತ್ತರವೂ ತಪ್ಪುತ್ತಿತ್ತು. ಸಂದಿಗೆ ಟವೆಲ್ ಸುತ್ತಿ ತುರುಕಿ ಎಂದು ಅತ್ತೆಯವರು ಪ್ರೀತಿಯಿಂದಲೇ ಹೇಳಿದರು. ನಾನು ತುರುಕಲಿಲ್ಲ. ಸಂದಿಯಲ್ಲಿ ಕೂಸು ಸಿಕ್ಕಿಕೊಳ್ಳುವುದು ಒಂದು ಅಪಾಯವಾದರೆ, ಅಲ್ಲಿ ತುಂಬಿದ ಮೆತ್ತನೆಯ ಬಟ್ಟೆ ಸಡಿಲಗೊಂಡು ಮುಖಕ್ಕೆ ಬರುವುದು ಇನ್ನೊಂದು ಅಪಾಯ.

ಮೂರನೆಯ ದಿನ ಬದಿಯನ್ನು ಏರಿಸಿ, ಜಿಪ್ ಹಾಕಿ, ಚಕ್ರಗಳಿಗೆ ಬ್ರೇಕ್ ಒತ್ತಿ, ಮಂಚದಿಂದ ಒಂದಡಿ ದೂರ ಅದನ್ನು ಬೇರೆಯಾಗಿಯೇ ನಿಲ್ಲಿಸಿಬಿಟ್ಟೆ. ಕೂಸು ಕಣ್ಣೆದುರಿಗೇ ಇತ್ತು, ಸುರಕ್ಷಿತವಾಗಿತ್ತು, ಆದರೆ ಯಾವ ಅನುಕೂಲಕ್ಕಾಗಿ ಅದನ್ನು ಕೊಂಡಿದ್ದೆನೋ ಅದು ಹೋಯಿತು. ಅಷ್ಟರಲ್ಲಿ ನನ್ನ ಹೊಲಿಗೆ ಮಾಗಿದ್ದರಿಂದ ಏಳುವುದು ಕಷ್ಟವಾಗಲಿಲ್ಲ. ಮೊದಲ ವಾರವೇ ಆ ಮನೆಯಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆನೋ!

ನಗರದ ಫ್ಲ್ಯಾಟುಗಳಲ್ಲಿ ಪೆಟ್ಟಿಗೆ ಮಂಚಗಳೇ ಹೆಚ್ಚುತ್ತಿರುವಾಗ, ನಾವು ಕೊಂಡ ಅಂಗಡಿಯಲ್ಲಿ ನಿಮ್ಮ ಮಂಚ ಎಂಥದು ಎಂದು ಒಬ್ಬರೂ ಕೇಳಲಿಲ್ಲ, ಡಬ್ಬದ ಮೇಲೂ ಆ ಮಾತಿಲ್ಲ. ಮಂಚದ ಕೆಳಗಿನ ತೆರವು, ನೆಲದಿಂದ ಗಾದಿಯ ಮೇಲ್ಮೈವರೆಗಿನ ಎತ್ತರ, ಗಾದಿಯ ಸುತ್ತ ಮರದ ಅಂಚು ಇದೆಯೇ ಇಲ್ಲವೇ, ಈ ಮೂರನ್ನೂ ಬರೆದುಕೊಂಡು ಹೋಗಿ ಕಾಟಿನ ಅಳತೆಯೊಂದಿಗೆ ಹೋಲಿಸಿದ ಮೇಲೆಯೇ ಹಣ ಕೊಡುವುದು ಕ್ಷೇಮ. ಹೊಂದುವುದಿಲ್ಲವೆಂದಾದರೆ, ನಾಲ್ಕೂ ಬದಿ ಮುಚ್ಚಿದ ಮರದ ದೊಡ್ಡ ಕಾಟನ್ನೇ ಕೊಂಡು ಮಂಚದ ಹತ್ತಿರ ಇಟ್ಟುಕೊಂಡರೆ ಅದು ಎರಡು ಮೂರು ವರ್ಷವಾದರೂ ಬಾಳುತ್ತದೆ.

ಐದೂವರೆ ತಿಂಗಳಿಗೆ ಮಗಳು ಒಂದು ಬೆಳಿಗ್ಗೆ ಅಂಗೈಯೂರಿ, ಮಂಡಿಯೂರಿ ಜಾಲರಿಯಾಚೆಯಿಂದ ನನ್ನನ್ನು ನೋಡಿದಳು. ಅಂದೇ ಕಾಟನ್ನು ಮಡಚಿದೆವು. ಹುಬ್ಬಳ್ಳಿಯಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಈಗ ಎಂಟನೆಯ ತಿಂಗಳು, ಕಾಟು ಬೇಕೆಂದು ಫೋನ್ ಮಾಡಿದಳು. ಮಂಚದ ಕೆಳಗೆ ಎಷ್ಟು ಜಾಗವಿದೆ ನೋಡಿ ಹೇಳು ಎಂದೆ. ಅರ್ಧ ಗಂಟೆಯ ಮೇಲೆ "11 ಸೆಂಟಿಮೀಟರ್ ಅದ ಅಕ್ಕಾ, ಗಾದಿಗೆ ಅಂಚಿಲ್ಲ" ಎಂದು ಉತ್ತರ ಬಂತು. ಎಲ್ಲ ತಿರುಪುಗಳನ್ನು ಎಣಿಸಿ, ಕೈಪಿಡಿಯನ್ನೂ ಧೋತರದ ಮೂರು ಹೊದಿಕೆಗಳನ್ನೂ ಒಗೆದಿಟ್ಟ ಪಟ್ಟಿಗಳನ್ನೂ ಜೊತೆಗಿಟ್ಟು, ಮರುದಿನವೇ ಕಳಿಸಿಕೊಟ್ಟೆ.